ಒಂದು ಗೆರೆ ಕಡಿಮೆ

ನಮ್ಮ ಕರಾವಳಿಯಲ್ಲಿ ಮೂರು ಪಟ್ಟಣಗಳು ಒಂದಕ್ಕೊಂದು ತಾಗಿಕೊಂಡಂತೆ ಇವೆ. ಬಡಗು ದಿಕ್ಕಿನದು ಹಂಚಿನ ಪಟ್ಟಣ. ಅಲ್ಲಿ ಹಂಚು ಸುಡುತ್ತಾರೆ, ಅಥವಾ ಸುಡುತ್ತಿದ್ದರು ಅನ್ನಬೇಕು. ಈಗ ಹೊಗೆ ಬಿಡುವ ಚಿಮಣಿಗಿಂತ ಕಾಗೆ ಕೂರುವ ಚಿಮಣಿಯೇ ಹೆಚ್ಚು. ತೆಂಕು ದಿಕ್ಕಿನದು ಬಂದರು ಪಟ್ಟಣ. ಮಂಜುಗಡ್ಡೆ ಕಾರ್ಖಾನೆಗಳು, ಸಿಗಡಿ ಸುಲಿದು ಪೊಟ್ಟಣ ಕಟ್ಟುವ ಉದ್ದನೆಯ ಶೆಡ್ಡುಗಳು, ಹಗಲೂ ದೀಪ ಉರಿಯುವ ಅಂಗಡಿಗಳು ಎಲ್ಲ ಅಲ್ಲಿವೆ. ನಡುವೆ ಇರುವುದು ನಮ್ಮ ಊರು. ನಾವು ಉಪ್ಪು ಬೆಳೆಯುತ್ತೇವೆ. ಹಂಚಿನ ಪಟ್ಟಣದ ನೆಲ ಕೆಂಪು ಕಲ್ಲು, ಬಂದರು ಪಟ್ಟಣದ್ದು ಮಣ್ಣು ಹೇರಿ ಗಟ್ಟಿ ಮಾಡಿದ್ದು. ನಮ್ಮದು ಜನ ಸೇರಿದರೆ ಇಳಿಯುವ, ಜನ ಹೋದರೆ ಏಳುವ ನೆಲ.

ಲಾಂಚು ನಿಲ್ಲುವ ಧಕ್ಕೆಯ ಕೊನೆಯ ಮೆಟ್ಟಿಲ ಪಕ್ಕ ನೀರಿನಲ್ಲಿ ಒಂದು ಕಲ್ಲುಕಂಬ ಇದೆ. ಅದರ ಮೈತುಂಬ ಸಣ್ಣ ಹುರಿಯ ದಪ್ಪಕ್ಕೆ ಗೆರೆ ಕೊರೆದಿದ್ದಾರೆ. ಒಬ್ಬ ಮನುಷ್ಯನಿಗೆ ಒಂದು ಗೆರೆ. ಆಳು ದಪ್ಪವೋ ಸಣಕಲೋ ಅನ್ನುವುದು ಲೆಕ್ಕಕ್ಕಿಲ್ಲ. ಈಗಷ್ಟೆ ಹುಟ್ಟಿದ ಕೂಸೂ ಅಕ್ಕಿ ಮಂಡಿಯ ಯಜಮಾನರೂ ಊರನ್ನು ಒಂದೊಂದೇ ಗೆರೆ ಇಳಿಸುತ್ತಾರೆ. ಊರು ಇಳಿದಷ್ಟು ಕಂಬದಲ್ಲಿ ನೀರು ಏರುತ್ತದೆ, ಊರು ಎದ್ದಷ್ಟು ಜಾರುತ್ತದೆ. ಬೆಳಿಗ್ಗೆ ಮೊದಲ ಲಾಂಚು ಬಿಡುವ ಮುಂಚೆ ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡಿ, ಉಬ್ಬರ ಇಳಿತದ ಪಾಲು ಕಳೆದು, ಉಳಿದದ್ದನ್ನು ಉಪ್ಪಿನ ಸಂಘದ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸವಾಗಿತ್ತು. ಕಳೆಯುವ ಕ್ರಮ ಬೇಜಾರಿನದು, ಅದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಹೆಸರು ಜಟ್ಟಪ್ಪ. ಹಗಲು ಉಪ್ಪು ಬೆಳೆಯುವ ಆಗರದಲ್ಲಿ ಉಪ್ಪು ಎಳೆದು, ಸಂಜೆ ಶಾಲೆಯಲ್ಲಿ ಕೂತು ಕಲಿತವನು. ಹಾಗಾಗಿ ಲೆಕ್ಕವೆಂದರೆ ನನಗೆ ಈಗಲೂ ಭಯ. ಮೂರು ಸಲ ಮಾಡಿ ನೋಡಿದ ಮೇಲೂ ಸೀಮೆಸುಣ್ಣ ಹಿಡಿದ ಕೈ ಹಲಗೆಯ ಹತ್ತಿರ ತಡೆಯುತ್ತಿತ್ತು.

ಎಲ್ಲರೂ ತೂಗುವುದಿಲ್ಲ. ಮದುವೆಗೆ ಬಂದ ನೆಂಟರು ಎಷ್ಟೇ ಉಂಡರೂ ಕಂಬದ ನೀರು ಕದಲುವುದಿಲ್ಲ. ಊರು ತನ್ನದು ಅಂದುಕೊಂಡವರು ಮಾತ್ರ ತೂಗುತ್ತಾರೆ. ಅದಕ್ಕೆ ನಾವು ನೆಲ ಹಿಡಿಯುವುದು ಅನ್ನುತ್ತೇವೆ. ಹೊಸ ಸೊಸೆ ಬಂದ ಮನೆಯ ಅತ್ತೆ ದಿನಾ ಬೆಳಿಗ್ಗೆ ಧಕ್ಕೆಗೆ ಬಂದು, ಬೇರೆ ಯಾವುದೋ ಕೆಲಸಕ್ಕೆ ಬಂದವಳ ಹಾಗೆ ಅತ್ತಿತ್ತ ನೋಡಿ, "ಜಟ್ಟಣ್ಣಾ, ಹಿಡಿದಳಾ?" ಎಂದು ಪಿಸುಗುಟ್ಟುತ್ತಿದ್ದಳು. ಕೆಲವು ಸೊಸೆಯರು ತಿಂಗಳಲ್ಲಿ ಹಿಡಿಯುತ್ತಾರೆ, ಕೆಲವರು ಮಗುವಾದ ಮೇಲೆ. ಒಬ್ಬಾಕೆ ಅತ್ತೆ ತೀರಿಕೊಂಡ ರಾತ್ರಿಯೇ ಹಿಡಿದಳು. ಮಾರನೆ ದಿನ ಕಂಬದಲ್ಲಿ ವ್ಯತ್ಯಾಸವೇ ಕಾಣದೆ, ನನ್ನ ಲೆಕ್ಕ ತಪ್ಪಿತೆಂದು ನಾನು ಊಟ ಬಿಟ್ಟಿದ್ದೆ. ನನ್ನ ಹೆಂಡತಿ ತುಳಸು ಹಂಚಿನ ಪಟ್ಟಣದವಳು. ಅವಳು ಬಂದ ಮಾರನೆ ಬೆಳಿಗ್ಗೆಯೇ ನೀರು ಒಂದು ಗೆರೆ ಏರಿ ನಿಂತಿತ್ತು. ಆಗಲೂ ನಾನು ನಂಬಲಿಲ್ಲ. ಪಕ್ಕದ ಕೇರಿಯಲ್ಲಿ ಯಾರಾದರೂ ಹೆತ್ತರೇ ಎಂದು ಮನೆಮನೆ ಕೇಳಿಕೊಂಡು ಬಂದೆ. ಯಾರೂ ಹೆತ್ತಿರಲಿಲ್ಲ.

ಊರಿನ ಹೊಟ್ಟೆಪಾಡು ಈ ಗೆರೆಗಳ ಮೇಲೆಯೇ ನಡೆಯುತ್ತದೆ. ಊರು ತೀರ ಇಳಿದರೆ ಆಗರಗಳು ಮುಳುಗುತ್ತವೆ, ತೀರ ಎದ್ದರೆ ಆಗರಕ್ಕೆ ನೀರು ಬಿಡುವ ತೂಬಿನ ಬಾಯಿಗೆ ಸಮುದ್ರದ ನೀರು ಎಟಕುವುದಿಲ್ಲ. ನಮ್ಮ ಅಜ್ಜಂದಿರಿಗೆ ಮುಳುಗುವ ಹೆದರಿಕೆ ಇತ್ತು, ನಮಗೆ ಏಳುವ ಹೆದರಿಕೆ. ಬಂದರಿನ ಶೆಡ್ಡುಗಳು ಮೂರೂ ಊರಿನ ಜನರನ್ನು ಎಳೆದುಕೊಳ್ಳುತ್ತಿವೆ. ಬೆಳಿಗ್ಗೆ ಲಾಂಚು ಹೋದಾಗ ಊರು ಎದ್ದು, ಸಂಜೆ ಲಾಂಚು ಬಂದಾಗ ಮತ್ತೆ ಇಳಿಯುತ್ತದೆ. ಇಳಿಯುವಾಗ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಆ ಸದ್ದು ಕೇಳಿಯೇ ಮನೆಗಳಲ್ಲಿ ಚಾಕ್ಕೆ ನೀರಿಡುವುದು. ಹಾಗೆ ಹೋಗಿ ಬರುವವರಿಂದ ತೊಂದರೆಯಿಲ್ಲ, ತೂಬು ತೆಗೆಯುವುದು ರಾತ್ರಿಯ ಉಬ್ಬರಕ್ಕೆ. ಆದರೆ ಒಬ್ಬೊಬ್ಬರಾಗಿ ಅಲ್ಲೇ ಬಾಡಿಗೆ ಮನೆ ಹಿಡಿಯತೊಡಗಿದರು. ಉಪ್ಪಿನ ಸಂಘದ ಅಧ್ಯಕ್ಷ ಬೆನಕಯ್ಯನವರು ಉಪಾಯ ಮಾಡಿ, ಭಟ್ಟಿ ಮುಚ್ಚಿ ಕೆಲಸ ಕಳೆದುಕೊಂಡ ಹಂಚಿನ ಪಟ್ಟಣದವರನ್ನು ಕರೆತಂದು ಉಪ್ಪಿನ ಗೋದಾಮಿನಲ್ಲಿ ಚಾಪೆ ಹಾಸಿ, ಗಂಜಿ ಕೊಟ್ಟು ಮಲಗಿಸಿದರು. ಅವರು ಚೆನ್ನಾಗಿ ನಿದ್ದೆ ಮಾಡಿದರು, ತೂಗಲಿಲ್ಲ. ಒಬ್ಬನು ಮಾತ್ರ, ನಮ್ಮೂರ ಮೀನಿನವಳ ಹತ್ತಿರ ಹಳಸಿದ ಬಂಗುಡೆಯ ವಿಷಯಕ್ಕೆ ಗಂಟಲು ಹರಿಯುವ ಹಾಗೆ ಜಗಳವಾಡಿದ ದಿನ, ನೆಲ ಹಿಡಿದ. ಮುಂದೆ ಬೆನಕಯ್ಯನವರು ಉಳಿದವರನ್ನೂ ಮೀನು ಮಾರ್ಕೆಟ್ಟಿಗೆ ಕಳಿಸಿ ನೋಡಿದರು. ಪ್ರಯೋಜನವಾಗಲಿಲ್ಲ.

ಬಂದರು ಪಟ್ಟಣದ ಕಚೇರಿಯವರು ಒಮ್ಮೆ ಮೂರೂ ಊರುಗಳ ಜನಸಂಖ್ಯೆ, ಕಸುಬು, ವರಮಾನ ಎಲ್ಲ ಬರೆದುಕೊಳ್ಳಲು ಬಂದಿದ್ದರು. ಅವರು ಮನೆಮನೆಗೆ ಹೋಗಿ ತಲೆ ಎಣಿಸಿದರು. ಅವರ ಸಂಖ್ಯೆ ನನ್ನದಕ್ಕಿಂತ ದೊಡ್ಡದಾಯಿತು. "ನಿಮ್ಮ ಕಂಬ ಸವೆದಿದೆ ಮಾರಾಯ್ರೆ" ಎಂದು ಹೇಳಿ ಹೋದರು. ಕಂಬ ಸವೆದಿರಲಿಲ್ಲ. ಆದರೂ ಅವರು ಹೋದ ಮೇಲೆ ನಾನು ಹುರಿ ಹಿಡಿದು ಅಳೆದು ನೋಡಿದೆ.

ನನಗೆ ಒಳಗೊಳಗೇ ಇನ್ನೊಂದು ಅನುಮಾನವಿತ್ತು. ನಾನು ಹುಟ್ಟಿದ ವಾರ ಬಿರುಗಾಳಿ ಎದ್ದು ಕಂಬ ಓದಲು ಆಗಿರಲಿಲ್ಲವಂತೆ. ಗಾಳಿ ನಿಂತ ಮೇಲೆ ಸತ್ತವರನ್ನೂ ಹುಟ್ಟಿದವರನ್ನೂ ಒಟ್ಟಿಗೆ ಅಂದಾಜು ಮಾಡಿ ಸೇರಿಸಿದರಂತೆ. ಅಂದರೆ ನನ್ನ ಗೆರೆ ನೀರಿನಲ್ಲಿ ಮೂಡಿದ್ದನ್ನು ಯಾರೂ ಕಂಡಿಲ್ಲ. ಕಂಬ ನೋಡುವವನು ಕೆಲಸದಲ್ಲಿರುವಷ್ಟು ದಿನ ಲಾಂಚಿನ ಹಲಗೆ ಹತ್ತಬಾರದೆಂಬ ಕಟ್ಟಳೆ ಬೇರೆ ಇದೆ. ಹಾಗಾಗಿ ನಾನು ಊರು ಬಿಟ್ಟರೆ ನೀರು ಇಳಿಯುತ್ತದೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಎಲ್ಲರನ್ನೂ ತೂಗುವ ನಾನು ತೂಗುತ್ತೇನೆಯೇ? ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ, ಇಲ್ಲವಾದರೆ ಕೆಲಸದಿಂದ ತೆಗೆಯುತ್ತಾರೆ.

ಉಪ್ಪಿನ ಕಾಲ ಶುರುವಾಗಿ ಆಗರಗಳು ಬೆಳ್ಳಗಾಗತೊಡಗಿದ್ದವು. ಒಂದು ಬೆಳಿಗ್ಗೆ ನೀರು ಒಂದು ಗೆರೆ ಕೆಳಗೆ ನಿಂತಿತ್ತು. ಯಾರೂ ಸತ್ತಿರಲಿಲ್ಲ. ಯಾರೂ ಮನೆ ಖಾಲಿ ಮಾಡಿರಲಿಲ್ಲ. ನಾನು ಮತ್ತೆ ಕಳೆದೆ, ಮತ್ತೆ ನೋಡಿದೆ. ಧಕ್ಕೆಯ ಮೇಲೆ ಚಾ ಅಂಗಡಿ ಇಟ್ಟುಕೊಂಡಿರುವ ಮಾಸ್ತಕ್ಕ ಸ್ಟೋವ್ ಪಂಪು ಮಾಡುತ್ತ ಅಲ್ಲಿಂದಲೇ ಕೂಗಿದಳು.

"ಎಂತದಾ ಜಟ್ಟಾ, ಕಂಬಕ್ಕೆ ಮುತ್ತು ಕೊಡ್ತಿದ್ಯಾ?"

"ಒಂದು ಕಡಿಮೆ ಬಂತು ಮಾಸ್ತಕ್ಕ."

"ಯಾರು ಹೋದ್ರು?"

"ಯಾರೂ ಹೋಗಲಿಲ್ಲ."

ಮಾಸ್ತಕ್ಕ ಪಂಪು ಮಾಡುವುದನ್ನು ನಿಲ್ಲಿಸಿದಳು. ಯಾರೂ ಹೋಗದೆ ಒಂದು ಗೆರೆ ಕಡಿಮೆಯಾದರೆ ಏನೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಯಾರೋ ನೆಲ ಬಿಟ್ಟಿದ್ದಾರೆ. ಮೈ ಇಲ್ಲೇ ಉಂಡು ಮಲಗಿದೆ, ಮನಸ್ಸು ಎಲ್ಲೋ ಗಂಟು ಕಟ್ಟಿದೆ. ಅಂಥವರ ಹೆಸರು ತಿಳಿದರೆ ಸಂಘದವರು ಬಯ್ಯುವುದಿಲ್ಲ; ಒಂದು ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಟ್ಟು ಲಾಂಚು ಹತ್ತಿಸುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ಬೆನಕಯ್ಯನವರು ಹಲಗೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಜಟ್ಟಪ್ಪ, ಇನ್ನೊಂದು ನಾಲ್ಕು ಗೆರೆ ಹೀಗೇ ಹೋದರೆ ತೂಬು ಒಣಬಾಯಿ ಬಿಡ್ತದೆ. ಯಾರು ಅಂತ ತಿಳಿಯಬೇಕಲ್ಲ. ತಿಳಿದರೆ ಮಾತಾಡಿಯಾದರೂ ನೋಡಬಹುದು."

ಮಾಸ್ತಕ್ಕನ ಪ್ರಕಾರ ಅದು ಕ್ಷೌರದ ಜಬ್ಬಾರ. ಅವನ ತಮ್ಮ ಬಂದರಿನಲ್ಲಿ ತಿರುಗುವ ಕುರ್ಚಿಯ ಅಂಗಡಿ ಹಾಕಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಜಬ್ಬಾರನ ಮುಖ ನೋಡತೊಡಗಿತು. ಪಾಪ, ಅವನು ಕತ್ತಿ ಮಸೆಯುತ್ತ ನನ್ನನ್ನು ಕರೆದು, "ಜಟ್ಟಣ್ಣಾ, ನಾನೇನಾ? ನಂಗೆ ಹಾಗೆಂತ ಅನ್ನಿಸ್ಲಿಲ್ಲ. ಆದ್ರೂ ನೆಲಕ್ಕೆ ನಮಗಿಂತ ಮೊದಲು ಗೊತ್ತಾಗ್ತದಂತಲ್ಲ" ಎಂದ. ಮಸೆದ ಕತ್ತಿಯನ್ನೇ ಮತ್ತೆ ಮಸೆಯತೊಡಗಿದ. ಆ ದಿನ ಯಾರೂ ಗಡ್ಡ ಮಾಡಿಸಿಕೊಳ್ಳಲಿಲ್ಲ.

ಅವನ ಮುಖ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ತಿಳಿಯುವ ದಾರಿ ಒಂದಿತ್ತು. ಲಾಂಚಿಗೆ ಒಂದೇ ಹಲಗೆ, ಒಬ್ಬೊಬ್ಬರೇ ಹತ್ತಬೇಕು. ನೆಲ ಹಿಡಿದವನು ಧಕ್ಕೆಯಿಂದ ಕಾಲೆತ್ತಿ ಹಲಗೆಯ ಮೇಲಿಟ್ಟ ಕ್ಷಣ ಕಂಬದ ನೀರು ಒಂದು ಗೆರೆ ಜಾರುತ್ತದೆ. ಪಕ್ಕದಲ್ಲಿ ಕೂತು ನೋಡಿದರೆ ಯಾರು ತೂಗುತ್ತಾರೆ, ಯಾರು ಇಲ್ಲ ಎಂದು ಕಾಣುತ್ತದೆ. ಹಾಗೆ ನೋಡುವುದು ಉಣ್ಣುವವರ ಬಟ್ಟಲಿಗೆ ಇಣುಕಿದಂತೆ. ನನಗಿಂತ ಹಿಂದಿನವರು ಯಾರೂ ಮಾಡಿದ್ದಿಲ್ಲ. ಮಾರನೆ ಬೆಳಿಗ್ಗೆ ಒಂದು ತೆಂಗಿನ ಸಿಪ್ಪೆ ಹಿಡಿದು ಪಾಚಿ ಉಜ್ಜುವವನ ಹಾಗೆ ಕಂಬದ ಬುಡದಲ್ಲಿ ಕೂತೆ.

ಮೊದಲು ಜಬ್ಬಾರ ಹತ್ತಿದ, ಸಾಬೂನು ತರಲು ಹೋಗುವವನು. ನೀರು ಒಂದು ಗೆರೆ ಜಾರಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಸಿಪ್ಪೆ ಕೈ ತಪ್ಪಿ ನೀರಿಗೆ ಬಿತ್ತು. ಸಂಜೆ ಶಾಲೆಯ ಮಾಸ್ತರರು ಹತ್ತಿದರು, ಒಂದು ಗೆರೆ. ಮಂಜುಗಡ್ಡೆ ಕಾರ್ಖಾನೆಯ ಹುಡುಗರು ತಳ್ಳಾಡುತ್ತ ಹತ್ತಿದರು, ತಲೆಗೊಂದು ಗೆರೆ ಸರಿಯಾಗಿ ಹೋಯಿತು. ಸಿಗಡಿ ಶೆಡ್ಡಿನ ಹೆಂಗಸರು ಬುತ್ತಿ ಚೀಲ ಹಿಡಿದು ಸಾಲಾಗಿ ಬಂದರು. ಅವರ ನಡುವೆ ತುಳಸು ಇದ್ದಳು. ಅವಳು ಹಲಗೆಯ ಮೇಲೆ ಕಾಲಿಟ್ಟಳು. ಮಧ್ಯಕ್ಕೆ ಹೋದಳು. ಲಾಂಚಿನ ಒಳಗೆ ಇಳಿದು ಬೆಂಚಿನ ಮೇಲೆ ಕೂತಳು. ನೀರು ಇದ್ದಲ್ಲೇ ಇತ್ತು.

ನಾನು ಗೆರೆಗೆ ಬೆರಳಿಟ್ಟು ನೋಡಿದೆ. ಅವಳ ಹಿಂದಿನವಳು ಹತ್ತಿದಾಗ ನೀರು ಬೆರಳಿಂದ ಕೆಳಗೆ ಸರಿಯಿತು. ಕಣ್ಣಿನ ತಪ್ಪು ಅನ್ನುವ ಹಾಗಿರಲಿಲ್ಲ.

ಆ ದಿನ ಬೆನಕಯ್ಯನವರು ಕೇಳಿದಾಗ ಜಬ್ಬಾರ ಅಲ್ಲ ಎಂದಷ್ಟೇ ಹೇಳಿದೆ. ಸಂಜೆ ಲಾಂಚು ಬಂತು. ನಮ್ಮ ಮನೆಯ ಲೋಟಗಳೂ ಎಲ್ಲರ ಮನೆಯವುಗಳ ಹಾಗೆ ಸದ್ದು ಮಾಡಿದವು. ಅದರಲ್ಲಿ ಅವಳ ಪಾಲು ಇರಲಿಲ್ಲ ಎಂದು ಗೊತ್ತಿದ್ದೂ ನಾನು ಚಾಕ್ಕೆ ನೀರಿಟ್ಟೆ. ತುಳಸು ಬಂದು ಕಾಲು ತೊಳೆದು ಒಲೆಯ ಹತ್ತಿರ ಕೈ ಕಾಯಿಸುತ್ತ ಕೂತಳು. ಇಡೀ ದಿನ ಮಂಜುಗಡ್ಡೆಯ ನೀರಿನಲ್ಲಿ ಇರುವ ಕೈ, ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತವೆ.

"ಕಂಬದಲ್ಲಿ ಇವತ್ತೂ ಒಂದು ಕಡಿಮೆ" ಎಂದೆ.

"ಗೊತ್ತು. ಮಾಸ್ತಕ್ಕ ಲಾಂಚಿನವರೆಗೂ ಮುಟ್ಟಿಸಿದಾಳೆ. ಜಬ್ಬಾರನಂತೆ."

"ಜಬ್ಬಾರ ಅಲ್ಲ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಅದಕ್ಕೇ ಪಾಚಿ ಉಜ್ತಾ ಕೂತಿದ್ರಾ? ಇಷ್ಟು ವರ್ಷ ಇಲ್ಲದ ಪಾಚಿ ಇವತ್ತೆಲ್ಲಿಂದ ಬಂತು ಅಂತ ಎಣಿಸಿದೆ." ಆಮೇಲೆ ದನಿ ಇಳಿಸಿ ಕೇಳಿದಳು, "ನಾನಾ?"

"ಹೌದು."

"ಒಂಚೂರೂ ಕದಲಲಿಲ್ವಾ?"

"ಇಲ್ಲ."

ಅವಳು ಅಳಲಿಲ್ಲ. ಅವಳಿಗೆ ಆಶ್ಚರ್ಯವಾದ ಹಾಗಿತ್ತು. ಶೆಡ್ಡಿನಲ್ಲಿ ಅವಳನ್ನು ಒಂದು ಮೇಜಿನ ಮೇಸ್ತ್ರಿ ಮಾಡುತ್ತಾರಂತೆ. ಮೇಸ್ತ್ರಿಗಳಿಗೆ ಅಲ್ಲೇ ಕೋಣೆ ಕೊಡುತ್ತಾರೆ. ಕೋಣೆ ನೋಡಿ ಬಾ ಎಂದು ಕರೆದುಕೊಂಡು ಹೋಗಿ ತೋರಿಸಿದರಂತೆ. "ನಾನು ಬರ್ತೆ ಅಂತ ಹೇಳ್ಲಿಲ್ಲ. ಸತ್ಯವಾಗಿ ಹೇಳ್ಲಿಲ್ಲ. ಕಿಟಕಿ ಇತ್ತು, ರಸ್ತೆ ಕಾಣ್ತಿತ್ತು. ಒಳಗೇ ನಲ್ಲಿ. ಪಾತ್ರೆ ಈ ಬದಿಗಿಟ್ಟರೆ ನೀರು ಹಾರೋದಿಲ್ಲ ಅಂತ ಮನಸ್ಸಿಗೆ ಬಂತು. ಅಷ್ಟೇ ಇವರೇ. ಅಷ್ಟೇ ಬಂದದ್ದು."

"ಅಷ್ಟು ಸಾಕು ನೆಲಕ್ಕೆ" ಎಂದೆ.

"ನಿಮಗೆ ಹೇಳೋದು ಹೇಗೆ? ನೀವು ಕಂಬದವರು."

ನಾನು ಆಗ ಹೇಳಿಬಿಟ್ಟೆ. "ನಾನೂ ಬರ್ತೇನೆ." ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ಅವಳಿಲ್ಲದ ಮನೆಯಲ್ಲಿ ಸಂಜೆ ಲೋಟಗಳ ಸದ್ದು ಕೇಳುತ್ತ ಕೂರುವುದನ್ನು ಎಣಿಸಿದರೆ ಹೆದರಿಕೆಯಾಗುತ್ತಿತ್ತು. ತುಳಸು ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

"ಬಾಯಿಮಾತಿಗೆ ಬೇಡ. ನಿಮ್ಮನ್ನ ಗಂಟಲ್ಲಿ ಕಟ್ಟಿ ಒಯ್ಯೋಕಾಗ್ತದಾ? ನಾಳೆ ಕಂಬ ನೋಡುವಾ. ಎರಡು ಕಡಿಮೆ ಬಂದರೆ ಇಬ್ಬರೂ ಹೋಗುವಾ."

"ಒಂದೇ ಬಂದರೆ?"

"ಒಬ್ಬಳು ಹೋಗ್ತೆ. ಆದಿತ್ಯವಾರ ಬಂದು ಹೋಗ್ತೆ, ನೆಂಟರ ಹಾಗೆ."

ಮಾರನೆ ಬೆಳಿಗ್ಗೆ ಮಂಜು ಕವಿದಿತ್ತು. ನೀರು ನಿಂತ ಗೆರೆಯನ್ನು ನೋಡಿದೆ. ಪಾಲು ಕಳೆದೆ. ಎದ್ದು ನಿಂತು ಧಕ್ಕೆಯ ಮೇಲೆ ಒಂದು ಸುತ್ತು ಬಂದು ಮತ್ತೆ ಕೂತು ನೋಡಿದೆ. ನಿನ್ನೆ ಎಲ್ಲಿತ್ತೋ ಅಲ್ಲೇ. ಒಂದೇ ಗೆರೆ ಕಡಿಮೆ.

ನಾನು ತಲೆಯೆತ್ತುವಷ್ಟರಲ್ಲಿ ಬೆನಕಯ್ಯನವರು ಮೆಟ್ಟಿಲ ಮೇಲೆ ನಿಂತಿದ್ದರು. ತುಳಸು ಮನೆಯಿಂದ ಬಂದಿದ್ದಳು, ಕೈಯಲ್ಲಿ ಬುತ್ತಿಯ ಚೀಲದ ಜೊತೆಗೆ ಬಟ್ಟೆಯ ಪೆಟ್ಟಿಗೆಯೂ ಇತ್ತು. ಪೆಟ್ಟಿಗೆ ನೋಡಿದ ಮೇಲೆ ಹೆಸರು ಯಾರೂ ಕೇಳಬೇಕಾಗಲಿಲ್ಲ. ಮಾಸ್ತಕ್ಕ "ಅಯ್ಯೋ ತಂಗೀ" ಎಂದು ಅಂಗಡಿ ಬಿಟ್ಟು ಇಳಿದು ಬಂದಳು.

"ಎಷ್ಟು ಜಟ್ಟಪ್ಪ?" ಎಂದರು ಬೆನಕಯ್ಯನವರು.

ಎರಡು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನಲ್ಲದೆ ಊರಲ್ಲಿ ಬೇರೆ ಯಾರಿಗೂ ಪಾಲು ಕಳೆಯಲು ಬರುವುದಿಲ್ಲ ಎಂದೇ ಆಗ ತಿಳಿದಿದ್ದೆ. ತುಳಸು ಪೆಟ್ಟಿಗೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಗೆರೆಯನ್ನು ಇನ್ನೊಮ್ಮೆ ನೋಡಿದೆ.

"ಒಂದು" ಎಂದೆ.

"ಒಂದೇನಾ?" ಎಂದಳು ತುಳಸು.

"ಒಂದೇ."

ಅವಳ ಮುಖ ಸಣ್ಣದಾಯಿತು. "ಸುಳ್ಳು ಹೇಳೋಕೂ ಬರೋದಿಲ್ಲ ನಿಮಗೆ" ಎಂದು ಪೆಟ್ಟಿಗೆ ಎತ್ತಿಕೊಂಡಳು. ಬೆನಕಯ್ಯನವರು ಸಂಘದಿಂದ ಉಪ್ಪು ತರಿಸಿ ತಮ್ಮ ಕರ್ಚೀಪಿನಲ್ಲೇ ಗಂಟು ಕಟ್ಟಿ ಅವಳ ಕೈಗಿಟ್ಟರು. ಲಾಂಚಿನವನು ಗಂಟೆ ಹೊಡೆದ. ಅವಳು ಹಲಗೆಯ ಹತ್ತಿರ ಹೋಗುವುದನ್ನು ನೋಡುತ್ತಿದ್ದ ಹಾಗೆ, ಇಷ್ಟು ವರ್ಷ ಒಳಗೆ ಕೂತಿದ್ದ ಮಾತು ತಾನಾಗಿಯೇ ಹೊರಗೆ ಬಂತು.

"ತುಳಸು, ಒಂದೇ ಗೆರೆ ಹೋದರೆ ನಾನು ಬರೋಕೆ ಮನಸ್ಸು ಮಾಡಿಲ್ಲ ಅಂತಲೇ ಆಗಬೇಕೆಂದಿಲ್ಲ. ನಾನು ಮೊದಲಿಂದಲೂ ತೂಗ್ತಾನೇ ಇರಲಿಲ್ಲವೋ ಏನೋ. ಇಲ್ಲದ ಗೆರೆ ಕಡಿಮೆ ಆಗೋದು ಹೇಗೆ?"

ನಾನು ಬಿರುಗಾಳಿಯ ವಾರದ ಸಂಗತಿ ಹೇಳಿದೆ. ಹೇಳುತ್ತ ಹೇಳುತ್ತ ಅದು ಬಹಳ ಸಣ್ಣ ಸಂಗತಿಯ ಹಾಗೆ ಕೇಳಿಸಿತು.

"ಇದನ್ನ ಹೊಟ್ಟೇಲಿಟ್ಕೊಂಡು ಇಷ್ಟು ವರ್ಷ ನನ್ನ ಪಕ್ಕ ಮಲಗಿದ್ರಾ?" ಎಂದಳು ತುಳಸು. ಸಿಟ್ಟಿನಲ್ಲಿ ಅವಳ ಕಣ್ಣು ತುಂಬಿತ್ತು. "ನಾನು ಬಂದ ಮಾರನೆ ದಿನವೇ ನೆಲ ಹಿಡಿದೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರಲ್ಲ, ನಾನು ಹಿಡಿದದ್ದು ನೆಲಾನಾ, ನಿಮ್ಮನ್ನಾ? ತೂಕ ಇಲ್ಲದವರನ್ನ ಹಿಡಿದು ನಿಲ್ಲೋಕಾಗ್ತದಾ?"

"ಅದಕ್ಕೆ ಇಷ್ಟೆಲ್ಲ ಪುರಾಣ ಎಂತಕೆ?" ಎಂದಳು ಮಾಸ್ತಕ್ಕ. "ಹಲಗೆ ಹತ್ತು. ನಾನು ಕಂಬ ನೋಡ್ತೆ."

"ಕಂಬದವ ಹಲಗೆ ಹತ್ತಬಾರದು" ಎಂದರು ಬೆನಕಯ್ಯನವರು.

"ಹತ್ತಿದರೆ ಎಂತ ಆಗ್ತದೆ ಒಡೆಯಾ, ಆಕಾಶ ಬೀಳ್ತದಾ? ಇವನೊಂದು ಗೆರೆಗೆ ನಿಮ್ಮ ಉಪ್ಪು ನಿಲ್ಲೋದಿಲ್ಲ. ದಿನಾ ಇವನು ಬಾಯಲ್ಲೇ ಕಳೆಯೋದನ್ನ ಚಾ ಸೋಸ್ತಾ ಕೇಳಿ ಕೇಳಿ ನಂಗೂ ಪಾಠ ಆಗಿದೆ. ಇವತ್ತು ನೀರು ನಿಂತದ್ದು ಎಲ್ಲಿ, ಪಾಲು ಎಷ್ಟು ಹೋಯ್ತು, ಹೇಳ್ಲಾ?"

ಹೇಳಿದಳು. ಸರಿಯಾಗಿತ್ತು.

ನಾನು ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದೆ. ಅದನ್ನು ಬೆನಕಯ್ಯನವರಿಗೆ ಕೊಡಬೇಕೋ ಮಾಸ್ತಕ್ಕನಿಗೋ ತಿಳಿಯದೆ ನಿಂತಾಗ ಮಾಸ್ತಕ್ಕ ಕೈಯಿಂದ ಕಿತ್ತುಕೊಂಡಳು. ಕಂಬದ ಕೆಲಸ ಬಿಟ್ಟವನಾಗಿ ಹಲಗೆಯ ಹತ್ತಿರ ಹೋದೆ. ತುಳಸು ಆಗಲೇ ಲಾಂಚಿನೊಳಗೆ ಇಳಿದು ಕಂಬದ ಕಡೆಯ ಅಂಚಿಗೆ ಬಂದು ಬಗ್ಗಿದ್ದಳು. ನಾನು ಬಲಗಾಲನ್ನು ಹಲಗೆಯ ಮೇಲಿಟ್ಟೆ. ಏನೂ ಆಗಲಿಲ್ಲ. ಎಡಗಾಲು ಇನ್ನೂ ಧಕ್ಕೆಯ ಮೇಲಿತ್ತು. ಅದನ್ನು ಎತ್ತುವುದು ಎಷ್ಟು ಕಷ್ಟವಾಯಿತೆಂದು ಹೇಳಿದರೆ ನಂಬುವುದು ಕಷ್ಟ. ಕೊನೆಗೆ ಎತ್ತಿದೆ.

ಕಂಬದಲ್ಲಿ ನೀರು ಜಾರಿತು. ಒಣಗಿದ ಕಲ್ಲಿನ ಕೆಳಗೆ ಹುರಿಯಷ್ಟು ದಪ್ಪದ ಒಂದು ಕಪ್ಪು ಪಟ್ಟಿ, ಆಗ ತಾನೆ ಹೊರಗೆ ಬಂದದ್ದು, ಒದ್ದೆಯಾಗಿ ಮಿನುಗಿತು.

"ಇದ್ದೀಯಲ್ಲೋ ಮಾರಾಯಾ!" ಎಂದು ಮಾಸ್ತಕ್ಕ ಕೂಗಿದಳು. "ಇಷ್ಟು ಸ್ಪಷ್ಟ ಇದ್ದೀಯ!"

ನಾನು ಹಲಗೆಯ ಮೇಲೆ ಅಲ್ಲಾಡದೆ ನಿಂತಿದ್ದೆ. ಅಷ್ಟು ಸಣ್ಣ ಪಟ್ಟಿ. ಆದರೆ ಅದು ನಾನು. ನಾನು ಹುಟ್ಟಿದ ವಾರದ ಬಿರುಗಾಳಿಯೊಳಗೆ ಯಾರೂ ಕಾಣದೆ ಹೋದದ್ದು ಅದೇ. ಲಾಂಚಿನವನು "ಹತ್ತು, ಇಲ್ಲ ಇಳಿ, ಹಲಗೆ ಎಳೀಬೇಕು" ಎಂದು ಗದರಿಸಿದ. ತುಳಸು ಕೈ ಚಾಚಲಿಲ್ಲ. ನನ್ನ ಮನಸ್ಸು ಊರನ್ನು ಬಿಟ್ಟಿಲ್ಲವೆಂದು ಅವಳಿಗೆ ಈಗ ಕಂಬದಲ್ಲೇ ಕಾಣುತ್ತಿತ್ತು. ಅವಳು ಬೆಂಚಿನ ಮೇಲೆ ಸರಿದು ಒಬ್ಬರು ಕೂರುವಷ್ಟು ಜಾಗ ಮಾಡಿದಳು. ನಾನು ಒಳಗೆ ಇಳಿದು ಅಲ್ಲಿ ಕೂತೆ.

ಲಾಂಚು ಧಕ್ಕೆ ಬಿಟ್ಟಿತು. ಮಂಜು ಕರಗಿ ಬಿಸಿಲು ಬಂದಿತ್ತು. ಮಾಸ್ತಕ್ಕ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದಳು, ಬೆನಕಯ್ಯನವರು ತೂಬಿನ ಕಡೆ ನಡೆದು ಹೋಗುತ್ತಿದ್ದರು. ನಾನು ಕಂಬವನ್ನೇ ನೋಡುತ್ತಿದ್ದೆ. ಪಟ್ಟಿಯ ಮೇಲಂಚು ಮೊದಲು ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ನಡುವೆ. ಲಾಂಚು ತಿರುವಿಗೆ ಬರುವಷ್ಟರಲ್ಲಿ ಅದು ಉಳಿದ ಕಲ್ಲಿನ ಹಾಗೆಯೇ ಆಗಿತ್ತು.

"ಒಣಗಿತಾ?" ಎಂದಳು ತುಳಸು.

"ಒಣಗಿತು."

ಅವಳು ಉಪ್ಪಿನ ಗಂಟನ್ನು ಇಬ್ಬರ ನಡುವೆ ಬೆಂಚಿನ ಮೇಲಿಟ್ಟಳು. "ನಿಮಗೆ ನೋಡೋಕಾದ್ರೂ ಸಿಕ್ತು" ಎಂದಳು. "ನಂದು ಒಣಗಿದ್ದು ಯಾವಾಗ ಅಂತ ನಂಗೇ ಗೊತ್ತಾಗ್ಲಿಲ್ಲ."